ಮಲೆನಾಡಿನ ಮೊಳಕಾಲು ಮತ್ತು ಕೃತಕ ಕೀಲಿನ ಫಲಪರೀಕ್ಷೆ

ವಸ್ತಾರೆಯ ಸೀಮೆಯಲ್ಲಿ ಮನುಷ್ಯನ ನಡಿಗೆಯು ಸಮನೆಲದ ನಡಿಗೆಯಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ತೋಟಗಳಲ್ಲಿ ಇಳಿಜಾರನ್ನು ಹತ್ತಿ ಇಳಿಯುವುದಕ್ಕೂ, ಕುಕ್ಕರಗಾಲಿನಲ್ಲಿ ಕುಳಿತು ಉದುರಿದ ಹಣ್ಣನ್ನು ಆರಿಸುವುದಕ್ಕೂ ಮೊಳಕಾಲೇ ಆಧಾರ. ಆದುದರಿಂದ ಸವೆದ ಕೀಲಿನ ಸ್ಥಾನದಲ್ಲಿ ಕೃತಕ ಕೀಲನ್ನಿಡುವ ಶಸ್ತ್ರಚಿಕಿತ್ಸೆಯ ಫಲವನ್ನು ಈ ಸೀಮೆಯವರು ಯಾವ ಅಳತೆಯಿಂದ ನಿರ್ಣಯಿಸಬೇಕೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

1890ರಲ್ಲಿ ಬರ್ಲಿನ್ ನಗರದ ವೈದ್ಯನಾದ ಥೆಮಿಸ್ಟೊಕ್ಲೆಸ್ ಗ್ಲುಕ್ ಎಂಬವನು ಕ್ಷಯದಿಂದ ಕೆಟ್ಟ ಮೊಳಕಾಲಿನಲ್ಲಿ ದಂತದ ಕೀಲನ್ನು ಇಟ್ಟನು. ಮೊದಮೊದಲು ಫಲವು ಉತ್ತಮವೆಂದೇ ಕಂಡಿತು. ಕಾಲಕ್ರಮದಲ್ಲಿ ಸೋಂಕು ಆ ಕೀಲುಗಳನ್ನು ಕೆಡಿಸಿತು. ಸೋಂಕಿರುವ ಕೀಲಿಗೆ ಈ ಕ್ರಮವು ಸಲ್ಲದೆಂದು ಅವನೇ ಒಪ್ಪಿಕೊಂಡನು. ಶಸ್ತ್ರಕ್ರಿಯೆಯ ಗುಣವು ಮೊದಲ ತಿಂಗಳುಗಳಲ್ಲಿ ತಿಳಿಯತಕ್ಕದ್ದಲ್ಲವೆಂಬ ಪಾಠವು ಹೀಗೆ ಆರಂಭದಲ್ಲಿಯೇ ದೊರಕಿತು.

1951ರಲ್ಲಿ ಸ್ವೀಡನ್ನಿನ ವಾಲ್ಡಿಯಸ್ ಬಾಗಿಲ ತಿರುಗಣೆಯನ್ನು ಹೋಲುವ ಕೀಲನ್ನು ಪ್ರಚಾರಕ್ಕೆ ತಂದನು. ಆದರೆ ಮೊಳಕಾಲು ಬರಿಯ ತಿರುಗಣೆಯಲ್ಲ. ಬಾಗುವಾಗ ಅದು ಉರುಳುತ್ತದೆ, ಜಾರುತ್ತದೆ, ಸ್ವಲ್ಪ ತಿರುಚಿಕೊಳ್ಳುತ್ತದೆ. ಈ ಚಲನೆಗಳನ್ನು ತಡೆದ ಕಾರಣ ಅದರ ಒತ್ತಡವು ಎಲುಬಿನ ಮೇಲೆ ಬಿದ್ದು, ಅಂತಹ ಕೀಲುಗಳು ಸಡಿಲಗೊಳ್ಳುತ್ತಿದ್ದುವು. 1970ರ ದಶಕದ ಮೊದಲ ಭಾಗದಲ್ಲಿ ನ್ಯೂಯಾರ್ಕಿನ ಇನ್ಸಾಲ್, ಭಾರತದಲ್ಲಿ ಜನಿಸಿದ ಚಿತ್ತರಂಜನ ರಾಣಾವತ್ ಮೊದಲಾದವರು ಎಲುಬಿನ ತುದಿಗಳಿಗೆ ಲೋಹವನ್ನೂ ನಡುವೆ ಪಾಲಿಎಥಿಲೀನನ್ನೂ ಹೊಂದಿಸಿದ ಕೀಲನ್ನು ರೂಪಿಸಿದರು. ಈಗಿನ ಕೀಲುಗಳಲ್ಲಿ ಬಹುಭಾಗವು ಅದರ ಸಂತತಿಯೇ.

ಬಹು ವರ್ಷಗಳ ಫಲವನ್ನು ನಿರ್ಣಯಿಸಲು ದಾಖಲೆಯು ಬೇಕಾಯಿತು. 1975ರಲ್ಲಿ ಸ್ವೀಡನ್ನಿನಲ್ಲಿ ಮೊಳಕಾಲಿನ ಶಸ್ತ್ರಚಿಕಿತ್ಸೆಗಳ ರಾಷ್ಟ್ರೀಯ ದಾಖಲೆ ಆರಂಭವಾಯಿತು. ಇಂತಹ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಪೂರ್ಣ ಮೊಳಕಾಲಿನ ಕೀಲುಗಳಲ್ಲಿ ಸುಮಾರು 82% ಇಪ್ಪತ್ತೈದು ವರ್ಷ ಬಾಳುವುವೆಂದು ತಿಳಿಸಿತು. ಆದರೆ ಕೀಲು ಬಾಳುವುದೂ ರೋಗಿಯು ತೃಪ್ತನಾಗುವುದೂ ಒಂದೇ ಅಲ್ಲ. ಹತ್ತರಲ್ಲಿ ಇಬ್ಬರಷ್ಟು ಜನರು ಪೂರ್ಣ ತೃಪ್ತರಾಗುವುದಿಲ್ಲವೆಂದು ಹಲವು ಪರಿಶೀಲನೆಗಳು ತೋರಿಸಿವೆ. ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವುದಕ್ಕೆ ಮೊಳಕಾಲು 130 ಡಿಗ್ರಿಗಿಂತಲೂ ಹೆಚ್ಚು ಬಾಗಬೇಕು. ಕೃತಕ ಕೀಲಿಗೆ ಅಷ್ಟು ಬಾಗುವಿಕೆ ಸಾಮಾನ್ಯವಾಗಿ ದೊರೆಯದು. ಕುರ್ಚಿಯಲ್ಲಿ ಕುಳಿತವನಿಗೆ ಸಾಲುವ ಫಲವು ತೋಟದ ಕೂಲಿಯವಳಿಗೆ ಸಾಲದೆ ಹೋಗಬಹುದು.

ಇದೇ ಮಲೆನಾಡಿನಲ್ಲಿ ಕೀಲಿನ ವ್ಯಾಧಿಯ ಮತ್ತೊಂದು ಕಥೆಯಿದೆ. 1975ರ ಸುಮಾರಿಗೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ಕಂಡ ಈ ರೋಗವು ಮುಖ್ಯವಾಗಿ ಸೊಂಟದ ಕೀಲನ್ನೂ, ಮೊಳಕಾಲನ್ನೂ ಕೆಡಿಸುತ್ತದೆ. ಮೊದಲು ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕವೇ ಕಾರಣವೆಂದು ಶಂಕಿಸಲಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದ ಅಧ್ಯಯನಗಳು ಅನಂತರ ಇದು ಅನುವಂಶಿಕವಾದ ಎಲುಬಿನ ವಿಕಾರವೆಂಬ ನಿರ್ಣಯಕ್ಕೆ ಬಂದುವು. ಕೃತಕ ಕೀಲು ಆ ವಂಶದ ಬೀಜವನ್ನು ಮಾರ್ಪಡಿಸಲಾರದು. ಕೆಟ್ಟ ಕೀಲಿನ ನೋವನ್ನಷ್ಟೇ ಶಮನಗೊಳಿಸೀತು. ರೋಗಿಯು ತರುಣನಾದಷ್ಟೂ ಆ ಕೀಲು ಹೆಚ್ಚು ವರ್ಷ ಬಾಳಬೇಕಾಗುವುದು.

2017ರಲ್ಲಿ ಭಾರತ ಸರ್ಕಾರವು ಮೊಳಕಾಲಿನ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿ, ಹೆಚ್ಚಾಗಿ ಬಳಕೆಯಲ್ಲಿದ್ದ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ತೆರಿಗೆಯ ಹೊರತಾಗಿ 54,720 ರೂಪಾಯಿಗಳನ್ನು ಗೊತ್ತುಮಾಡಿತು. ಬೆಲೆ ಇಳಿದದ್ದು ಉಪಕಾರವೇ ಸರಿ. ಆದರೂ ಅದು ಫಲದ ಪ್ರಮಾಣವಲ್ಲ. ಗ್ಲುಕ್ಕನ ಕಾಲದಿಂದ ಈವರೆಗೆ ಈ ವಿದ್ಯೆಯು ಮುಂದುವರಿದದ್ದು ಸೋಲನ್ನೂ ಬರೆದಿಟ್ಟವರಿಂದ. ಶಸ್ತ್ರಚಿಕಿತ್ಸೆಯಾದ ವರ್ಷಗಳ ಮೇಲೆ ರೋಗಿಯು ಏರಿಯನ್ನು ಹತ್ತಬಲ್ಲನೆ, ನೆಲದಲ್ಲಿ ಕುಳಿತು ಏಳಬಲ್ಲನೆ, ತನ್ನ ಕೆಲಸಕ್ಕೆ ಮರಳಿದನೆ ಎಂಬ ಪ್ರಶ್ನೆಗಳ ಉತ್ತರವು ದಾಖಲೆಗೆ ಸೇರಿದಲ್ಲಿ ಮಾತ್ರವೇ ಮಲೆನಾಡಿನವರ ಪಾಲಿಗೆ ಫಲವೆಂಬ ಮಾತಿಗೆ ಅರ್ಥವುಂಟಾಗುವುದು.