ರೆಪ್ಪೆಗೆ ಹಚ್ಚಬೇಡಿ!

ತಲೆಗೂದಲಿಗೆ ಹಚ್ಚುವ ಬಣ್ಣದ ಪೊಟ್ಟಣದ ಮೇಲೆ ಸಣ್ಣ ಅಕ್ಷರಗಳಲ್ಲಿ ಒಂದು ಎಚ್ಚರಿಕೆ ಇರುತ್ತದೆ: ಇದನ್ನು ಹುಬ್ಬಿಗಾಗಲಿ ಕಣ್ಣಿನ ರೆಪ್ಪೆಗಾಗಲಿ ಹಚ್ಚಬಾರದು, ಹಚ್ಚಿದರೆ ಕುರುಡುತನ ಬರಬಹುದು. ನರೆ ಮುಚ್ಚಲು ಹೊರಟವರಿಗೆ ರೆಪ್ಪೆಯ ಯೋಚನೆ ಏಕೆ ಬಂದೀತು? ಈ ಸಾಲಿನ ಹಿಂದೆ ಅಮೆರಿಕದಲ್ಲಿ ಕಣ್ಣು ಕಳೆದುಕೊಂಡವರ ಕಥೆಯಿದೆ.

1930ರ ದಶಕದಲ್ಲಿ ಅಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆಯ ಬಣ್ಣ ಮಾರಾಟದಲ್ಲಿತ್ತು. ಅದರಲ್ಲಿದ್ದದ್ದು ಪ್ಯಾರಾಫಿನೈಲಿನ್‌ಡೈಅಮೀನ್, ಚುಟುಕಾಗಿ ಪಿಪಿಡಿ. ಕಲ್ಲಿದ್ದಲ ಟಾರಿನ ಬಣ್ಣಗಳ ಗುಂಪಿಗೆ ಸೇರಿದ ರಾಸಾಯನಿಕ. 1933ರಲ್ಲಿ ಓಹಿಯೊ ರಾಜ್ಯದ ಡೇಟನ್ ನಗರದ ಮಹಿಳೆಯೊಬ್ಬರು ಅದನ್ನು ಹಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡರು. ಆದರೂ ಸರ್ಕಾರ ಆ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳುವಂತಿರಲಿಲ್ಲ. 1906ರ ಕಾಯ್ದೆಯಲ್ಲಿ ಆಹಾರವಿತ್ತು, ಔಷಧವಿತ್ತು. ಪೌಡರು, ಸ್ನೋ, ಬಣ್ಣಗಳ ಸುದ್ದಿಯೇ ಇರಲಿಲ್ಲ. ಆಹಾರ ಮತ್ತು ಔಷಧ ಆಡಳಿತವು ಇಂಥ ಅಪಾಯಕಾರಿ ಸರಕುಗಳನ್ನೆಲ್ಲ ಜೋಡಿಸಿ ಪ್ರದರ್ಶನವನ್ನೇ ಏರ್ಪಡಿಸಿತು. ‘ಭೀಕರ ಕೋಣೆ’ ಎಂದೇ ಅದು ಹೆಸರಾಯಿತು. ಹೊಸ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಬಿದ್ದದ್ದು 1938ರ ಜೂನ್‌ನಲ್ಲಿ. ಲ್ಯಾಶ್ ಲೂರ್‌ಗೆ ಮುಟ್ಟುಗೋಲು ಬಿದ್ದದ್ದು ಆಮೇಲೆಯೇ.

ತಲೆಗೂದಲ ಬಣ್ಣದ ಉದ್ಯಮ ಮಾತ್ರ ಪಾರಾಯಿತು. ಟಾರಿನ ಬಣ್ಣಗಳನ್ನು ಮಾರಬಹುದು, ಎಚ್ಚರಿಕೆ ಮುದ್ರಿಸಿದರೆ ಸಾಕು ಎಂಬ ವಿನಾಯಿತಿ ಅದಕ್ಕೆ ದಕ್ಕಿತು.

ಭಾರತದ 1940ರ ಔಷಧ ಕಾಯ್ದೆಗೆ ಪ್ರಸಾಧನ ಸಾಮಗ್ರಿಗಳು ಸೇರಿದ್ದು 1962ರ ತಿದ್ದುಪಡಿಯಿಂದ. ಅಮೆರಿಕದ ಎಚ್ಚರಿಕೆಯೇ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ನಮ್ಮ ನಿಯಮಗಳಿಗೂ ಬಂತು. ಇಂಗ್ಲಿಷಿನ ಜೊತೆಗೆ ಸ್ಥಳೀಯ ಭಾಷೆಗಳಲ್ಲೂ ಅದು ಇರಬೇಕು. ಕನ್ನಡದ ಸಾಲು ಎಷ್ಟು ಪೊಟ್ಟಣಗಳ ಮೇಲಿದೆ ಎಂಬುದನ್ನು ಅಂಗಡಿಗೆ ಹೋದವರೇ ನೋಡಬೇಕು!

ತೊಡಕಿರುವುದು ಗೋರಂಟಿಯಲ್ಲಿ. ಗೋರಂಟಿ ಎಲೆ ಅರೆದು ಹಚ್ಚಿದರೆ ಬರುವುದು ಕೆಂಗಂದು ಬಣ್ಣ. ಎಲೆಯೊಂದರಿಂದಲೇ ಕಡುಗಪ್ಪು ಬಾರದು. ‘ಕಪ್ಪು ಮೆಹಂದಿ’ಯ ಕಪ್ಪು ಬಹಳಷ್ಟು ಸಲ ಅದೇ ಪಿಪಿಡಿಯದು. ಇದು ಒಗ್ಗದವರಿಗೆ ಚರ್ಮ ಬೊಕ್ಕೆಯೇಳುತ್ತದೆ, ಮುಖ ಊದಿಕೊಳ್ಳುತ್ತದೆ. ಒಮ್ಮೆ ಹೀಗಾದವರಿಗೆ ಮುಂದೆ ಅದು ತಾಗಿದಾಗಲೆಲ್ಲ ಮರುಕಳಿಸಬಹುದು. ಹೊದಿಕೆಯ ಮೇಲೆ ಹಸಿರೆಲೆಯ ಚಿತ್ರ ಹಾಕಿ ‘ನೈಸರ್ಗಿಕ’, ‘ಹರ್ಬಲ್’ ಎಂದು ಬರೆದರೆ ಕೊಳ್ಳುವವರು ಅನುಮಾನಿಸುವುದಾದರೂ ಹೇಗೆ?

ಈ ಪದಗಳ ಅರ್ಥವನ್ನು ಪ್ರಸಾಧನಗಳ ಮಟ್ಟಿಗೆ ಅಮೆರಿಕದ ಕಾನೂನು ನಿಗದಿ ಮಾಡಿಲ್ಲ. ಭಾರತದ 2020ರ ಪ್ರಸಾಧನ ನಿಯಮಗಳೂ ಮಾಡಿಲ್ಲ. ದಾರಿತಪ್ಪಿಸುವ ಹೇಳಿಕೆ ಕೂಡದು ಎಂಬ ಸಾಮಾನ್ಯ ಕಟ್ಟಳೆಯೇನೋ ಇದೆ. 2016 ಮತ್ತು 2017ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಯಾವ ಘಟಕ ನೈಸರ್ಗಿಕ, ಅದರ ಪ್ರಮಾಣ ಲೆಕ್ಕಹಾಕುವುದು ಹೇಗೆ ಎಂದು ಮಾರ್ಗಸೂಚಿ ಹೊರಡಿಸಿತು. ಲೇಬಲಿನ ಮೇಲೆ ಏನು ಬರೆಯಬೇಕೆಂಬುದು ಮಾತ್ರ ತನ್ನ ವ್ಯಾಪ್ತಿಗೆ ಬಾರದೆಂದು ಅದರಲ್ಲೇ ಹೇಳಿಬಿಟ್ಟಿತು.

ಹಾಗಾಗಿ ಉಳಿಯುವ ಆಧಾರ ಘಟಕಗಳ ಪಟ್ಟಿ. ಪಿಪಿಡಿ ಬೆರೆಸಿದ್ದರೆ ಹೆಸರು ಅಲ್ಲಿ ಸಿಗಬೇಕು. ಆದರೆ 30 ಗ್ರಾಂಗಿಂತ ಕಡಿಮೆ ತೂಕದ ಪೊಟ್ಟಣಗಳಿಗೆ ನಿಯಮವೇ ಆ ಪಟ್ಟಿಯಿಂದ ವಿನಾಯಿತಿ ಕೊಟ್ಟಿದೆ. ಪೆಟ್ಟಿಗೆ ಅಂಗಡಿಗಳಲ್ಲಿ ಸರದ ಹಾಗೆ ತೂಗುವ ಬಣ್ಣದ ಪುಡಿಯ ಪೊಟ್ಟಣಗಳಲ್ಲಿ ಹಲವು ಆ ತೂಕದವೇ.