ಹೊಗೆಯಾಡದ ಸರ್ಕ್ಯೂಟು

2020ರ ಏಪ್ರಿಲ್ 7ರಂದು ಸಿಂಗಪುರದಲ್ಲಿ ಕೋವಿಡ್ ನಿರ್ಬಂಧ ಜಾರಿಗೆ ಬಂತು. ಅದನ್ನು ಸರ್ಕಾರ ಲಾಕ್‌ಡೌನ್ ಎನ್ನಲಿಲ್ಲ, ‘ಸರ್ಕ್ಯೂಟ್ ಬ್ರೇಕರ್’ ಎಂದಿತು. ಮರುದಿನದಿಂದ ಶಾಲೆ ಮನೆಯೊಳಗೇ. ಲ್ಯಾಬಿಗೆ ಬೀಗ ಬಿದ್ದ ಮೇಲೆ ರೆಸಿಸ್ಟರ್ ಪಾಠಕ್ಕೆ ಉಳಿದದ್ದು ಪರದೆಯ ಮೇಲಿನ ಬ್ಯಾಟರಿ, ಪರದೆಯ ಮೇಲಿನ ತಂತಿ. ಟಿಂಕರ್‌ಕ್ಯಾಡ್, ಫೆಟ್ ಥರದ ಸಿಮ್ಯುಲೇಟರುಗಳು ಅಷ್ಟು ಹೊತ್ತಿಗೆ ಬ್ರೌಸರಿನಲ್ಲೇ ಬಿಟ್ಟಿಯಾಗಿ ಸಿಗುತ್ತಿದ್ದವು.

ಅದಕ್ಕೂ ಹಿಂದಿನ ಕಲಿಕೆಗೆ ಕೈ ಮಸಿಯಾಗಬೇಕಿತ್ತು. ಬೆಂಗಳೂರಿಗೆ ಎಸ್.ಪಿ. ರೋಡು ಹೇಗೋ ಸಿಂಗಪುರಕ್ಕೆ ಜಲಾನ್ ಬೆಸಾರ್‌ನ ಸಿಮ್ ಲಿಮ್ ಟವರ್ ಹಾಗೆ: ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳ ಗೂಡು. ಹಳೇ ಸಾಮಾನು ಕೆದಕುವ ಹುಚ್ಚಿದ್ದವರಿಗೆ ಹತ್ತಿರದಲ್ಲೇ ಸುಂಗೈ ರೋಡಿನ ‘ಕಳ್ಳರ ಸಂತೆ’ ಇತ್ತು. 2017ರ ಜುಲೈ 10ರಂದು ಅದು ಗಂಟುಮೂಟೆ ಕಟ್ಟಿತು. ರೆಸಿಸ್ಟರಿನ ಮೈಮೇಲೆ ಕಂದು, ಕಪ್ಪು, ಕೆಂಪು ಪಟ್ಟೆಯೆಂದರೆ 1,000 ಓಮ್. ಕಪ್ಪನ್ನು ಕೆಂಪೆಂದು ಓದಿ 10 ಓಮಿನದನ್ನು 9 ವೋಲ್ಟಿಗೆ ಸಿಕ್ಕಿಸಿದರೆ ತಪ್ಪನ್ನು ಮೊದಲು ಹೇಳುತ್ತಿದ್ದುದು ಮೂಗು.

ಪರದೆಯ ಸರ್ಕ್ಯೂಟಿನ ಬೇರು ಮಾತ್ರ ದೂರದ ಬರ್ಕ್ಲಿಯಲ್ಲಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೆಡರ್ಸನ್ ಅವರ ಶಿಷ್ಯ ಲಾರೆನ್ಸ್ ನೇಗಲ್ ಬರೆದ ‘ಸ್ಪೈಸ್’ ಎಂಬ ಸಿಮ್ಯುಲೇಟರ್ 1973ರಲ್ಲಿ ಹೊರಬಂತು. ಚಿಪ್ ಒಳಗಿನ ಸರ್ಕ್ಯೂಟನ್ನು ಮೇಜಿನ ಮೇಲೆ ಕಟ್ಟಿ ಪರೀಕ್ಷಿಸಲಾಗದು. ಲೆಕ್ಕ ಹಾಕಿಯೇ ತಿಳಿಯಬೇಕು ಎಂಬ ಅಗತ್ಯ ಅದರ ಹಿಂದಿತ್ತು. 1984ರಲ್ಲಿ ಪಿಸ್ಪೈಸ್ ಅದನ್ನು ಪರ್ಸನಲ್ ಕಂಪ್ಯೂಟರಿಗೆ ಇಳಿಸಿತು. ಸಿಂಗಪುರದ ಶಾಲೆಗಳಿಗೆ ಕಂಪ್ಯೂಟರ್ ದಂಡಿಯಾಗಿ ಬಂದದ್ದು 1997ರ ಐಟಿ ಮಾಸ್ಟರ್‌ಪ್ಲಾನಿನಿಂದ: ಇಬ್ಬರು ಮಕ್ಕಳಿಗೊಂದು ಕಂಪ್ಯೂಟರು, ಪಾಠದ ಅವಧಿಯಲ್ಲಿ ಶೇ. 30ರಷ್ಟು ಅದರ ಬಳಕೆ ಎಂಬುದು ಅಂದಿನ ಗುರಿ.

ಸ್ಪೈಸ್ ಹುಟ್ಟಿದ್ದು ತೂತು ಕೊರೆದ ಕಾರ್ಡುಗಳ ಕಾಲದಲ್ಲಿ. ಒಂದು ಕಾರ್ಡಿಗೆ ಒಂದು ಸಾಲು, ಮೊದಲ ಕಾರ್ಡು ಶೀರ್ಷಿಕೆಗೆ ಮೀಸಲು. ‘ಆರ್1 1 2 1ಕೆ’ ಎಂದರೆ 1 ಮತ್ತು 2ನೇ ಗಂಟುಗಳ ನಡುವೆ 1 ಕಿಲೋ ಓಮ್ ರೆಸಿಸ್ಟರು, ಗ್ರೌಂಡಿಗೆ ಸೊನ್ನೆ. ಅಂಥ ಇನ್ನೊಂದನ್ನು 2ರಿಂದ ಸೊನ್ನೆಗೆ ಜೋಡಿಸಿ 9 ವೋಲ್ಟ್ ಕೊಟ್ಟರೆ ನಡುವಿನ ಗಂಟಿನಲ್ಲಿ 4.5 ವೋಲ್ಟ್. ಆದರೆ ಹೊಸಬರು ಮೊದಲ ಸಾಲಿನಲ್ಲೇ ರೆಸಿಸ್ಟರ್ ಬರೆದುಬಿಟ್ಟರೆ ಸ್ಪೈಸ್ ಅದನ್ನು ಶೀರ್ಷಿಕೆಯೆಂದು ಓದಿ ಮುಂದೆ ಹೋಗುತ್ತದೆ. ಕಾರ್ಡು ಹೋಯಿತು, ಪದ್ಧತಿ ಹೋಗಲಿಲ್ಲ.

ಇನ್ನೊಂದು ಪಳೆಯುಳಿಕೆ ‘ಎಂ’ ಅಕ್ಷರ. ಸ್ಪೈಸ್ ಚಿಕ್ಕಕ್ಷರ ದೊಡ್ಡಕ್ಷರವೆಂಬ ಭೇದವಿಲ್ಲದೆ ಅದನ್ನು ‘ಮಿಲಿ’ ಎಂದೇ ಓದುತ್ತದೆ; ಮೆಗಾ ಬೇಕಿದ್ದರೆ ‘ಮೆಗ್’ ಎಂದು ಬಿಡಿಸಿ ಬರೆಯಬೇಕು. ಸ್ಪೈಸ್ ಕುಲದ ಎಲ್‌ಟಿಸ್ಪೈಸ್‌ನಲ್ಲಿ ಇಂದಿಗೂ ಹತ್ತು ಲಕ್ಷ ಓಮ್ ಎಂದುಕೊಂಡು ‘1ಎಂ’ ಒತ್ತಿದವರಿಗೆ ಸಿಗುವುದು ಓಮಿನ ಸಾವಿರದಲ್ಲೊಂದು ಪಾಲು. ಅದಕ್ಕೆ 9 ವೋಲ್ಟ್ ಕೊಟ್ಟರೆ 9,000 ಆಂಪಿಯರ್ ಎಂಬ ಉತ್ತರ ಶಾಂತವಾಗಿ ಮೂಡುತ್ತದೆ. ಹೊಗೆಯಿಲ್ಲ, ವಾಸನೆಯೂ ಇಲ್ಲ.