ಹೆಂಡತಿಯ ಎಚ್‌ಐವಿ ವರದಿ ನೆಗೆಟಿವ್ ಬಂದರೆ ಗಂಡನದ್ದೂ ನೆಗೆಟಿವ್ ಎಂದರ್ಥವೇ?

ಗರ್ಭಿಣಿಯ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂದ ಕೂಡಲೇ, "ಹಾಗಾದ್ರ ಗಂಡನ ರಕ್ತ ಯಾಕ ಕೊಡಬೇಕು?" ಎಂದು ಮನೆಯವರು ಕೇಳುವುದುಂಟು. ಕೊಡಬೇಕು. ಹೆಂಡತಿಯ ವರದಿ ಗಂಡನ ವರದಿಯಲ್ಲ.

ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳು ಇರುತ್ತಾರೆ. ಪ್ರತಿ ಸಂಪರ್ಕದಲ್ಲೂ ವೈರಸ್ ದಾಟುವುದಿಲ್ಲ. ವರ್ಷಗಟ್ಟಲೆ ದಾಟದೆ ಇರಬಹುದು, ಏಳನೇ ತಿಂಗಳ ಬಸುರಿನಲ್ಲೂ ದಾಟಬಹುದು. ಅಲ್ಲದೆ, ಹೊಸ ಸೋಂಕು ರ‍್ಯಾಪಿಡ್ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಲು ಮೂರು ತಿಂಗಳವರೆಗೂ ಹಿಡಿಯಬಹುದು.

ಇಲ್ಲಿ ನಿಜವಾಗಿ ಅಪಾಯಕ್ಕೆ ಸಿಲುಕುವುದು ಮಗು. ಬಸುರಿನಲ್ಲಿ ಅಥವಾ ಹಾಲುಣಿಸುವಾಗ ತಾಯಿಗೆ ಹೊಸದಾಗಿ ಸೋಂಕು ತಗುಲಿದರೆ ಅವಳ ರಕ್ತದಲ್ಲಿ ವೈರಸ್ ಪ್ರಮಾಣ ಬಹಳ ಏರಿರುತ್ತದೆ, ಮಗುವಿಗೆ ದಾಟುವ ಸಂಭವವೂ ಹೆಚ್ಚು. ತಾಯಿ ಕಾರ್ಡಿನಲ್ಲಿ ಮೊದಲೇ 'ನೆಗೆಟಿವ್' ಎಂದು ಬರೆದಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ತಾಯಿಗೆ ಸೋಂಕಿದ್ದು ಚಿಕಿತ್ಸೆ ಸಿಗದಿದ್ದರೆ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಅದು ತಗುಲಬಹುದು. ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಇದನ್ನು 5ಕ್ಕಿಂತ ಕೆಳಗಿಳಿಸಬಹುದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಇನ್ನೊಂದು ತೊಡಕಿದೆ. ಕುಬುಸ ಮುಗಿಸಿ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ. ಆ ತವರು ಮಿರಜ್, ಸಾಂಗಲಿ, ಕೊಲ್ಹಾಪುರದ ಕಡೆಯೂ ಇರಬಹುದು. ಆಸ್ಪತ್ರೆಗೆ ಜೊತೆಯಾಗುವವರು ಅವ್ವ ಅಥವಾ ಅತ್ತೆ. ಗಂಡ ಕಬ್ಬಿನ ಹಂಗಾಮಿನಲ್ಲೋ ಲಾರಿಯಲ್ಲೋ ಇರುತ್ತಾನೆ. ಆದರೆ ಇಬ್ಬರೂ ಒಂದೇ ಕಡೆ ಪರೀಕ್ಷೆ ಮಾಡಿಸಬೇಕೆಂಬ ನಿಯಮವಿಲ್ಲ. ಗಡಿಯ ಆಚೆ ಇರಲಿ ಈಚೆ ಇರಲಿ, ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ.

"ಊರಿಗೆಲ್ಲ ಗೊತ್ತಾಗ್ತದ" ಎಂಬ ಭಯ ಸಹಜ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಡಬೇಕು. ತನ್ನ ವರದಿ ಗೊತ್ತಾದರೆ ಗಂಡ ಹೊಡೆಯಬಹುದು, ಮನೆಯಿಂದ ಹೊರಹಾಕಬಹುದು ಎಂಬ ಭಯವಿರುವ ಹೆಂಗಸು ಆಪ್ತಸಮಾಲೋಚಕರಿಗೆ ಒಬ್ಬಳೇ ಇರುವಾಗ ಹೇಳಬೇಕು. ಅಂಥ ಸಂದರ್ಭದಲ್ಲಿ ಅವರು ಗಂಡನಿಗೆ ತಿಳಿಸುವಂತಿಲ್ಲ.

ರಕ್ತ ಕೊಡುವುದೆಂದರೆ ನಡತೆಗೆ ಅಂಟಿಸುವ ಸಂಶಯ ಎಂದು ಗಂಡಸರು ತಿಳಿಯುವುದೇ ದೊಡ್ಡ ಅಡ್ಡಿ. ಅದಕ್ಕೇ "ನೀವೂ ಮಾಡಿಸ್ಕೊಳ್ರಿ" ಎಂಬ ಮಾತು ಹೆಂಡತಿಯ ಬಾಯಿಂದ ಬರುವುದಕ್ಕಿಂತ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಬಾಯಿಂದ ಬಂದರೆ ಲೇಸು. ಶುಗರ್, ಬಿಪಿ ನೋಡಿಸಿಕೊಂಡಂತೆ ಬೆರಳಿಗೊಂದು ಚುಚ್ಚು, ಅಷ್ಟೇ.

ಗಂಡನ ಮೊದಲ ಪರೀಕ್ಷೆಯಲ್ಲಿ ಸೋಂಕು ಕಂಡರೂ ಬೇರೆ ಕಿಟ್‌ಗಳಿಂದ ಮತ್ತೆ ಪರೀಕ್ಷಿಸಿಯೇ ಖಚಿತಪಡಿಸುತ್ತಾರೆ. ಆಮೇಲೆ ಎಆರ್‌ಟಿ ಮಾತ್ರೆ ಉಚಿತ. ತಪ್ಪದೆ ನುಂಗಿ, ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಹಾಗೇ ಉಳಿದರೆ ಅವನಿಂದ ಹೆಂಡತಿಗೆ ಲೈಂಗಿಕವಾಗಿ ದಾಟುವುದಿಲ್ಲ. ಅಲ್ಲಿಯವರೆಗೆ ಕಾಂಡೋಮ್ ಬೇಕೇಬೇಕು, ಹೆಂಡತಿಗೆ ಮರುಪರೀಕ್ಷೆಯೂ ಬೇಕು. ಹತ್ತಿರದ ಕೇಂದ್ರ ಎಲ್ಲಿದೆ ಎಂದು ತಿಳಿಯಲು 1097ಕ್ಕೆ ಕರೆ ಮಾಡಿ, ಹಣ ಕಡಿತವಾಗುವುದಿಲ್ಲ.